ಮಳೆ ಜೋರಾದರೆ ನನಗೆ ಚೆನ್ನಾಗಿ ಕೇಳುತ್ತಿತ್ತು

ಕಿವಿ ಟೆಸ್ಟ್ ಮಾಡಿಸಿದೆ ಎಂದು ಯಾರಾದರೂ ಹೇಳಿದರೆ ಈಗ ನಾನು ಕೇಳುವುದು ಒಂದೇ ಪ್ರಶ್ನೆ: ಕಿವಿ ಹಿಂದಿನ ಎಲುಬಿಗೆ ಇಟ್ಟು ನೋಡಿದರಾ? ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಹೆಡ್‌ಫೋನ್ ಹಾಕಿದರು, ಕುಂಯ್ ಅನ್ನುವ ಸದ್ದು ಕೊಟ್ಟರು, ಒಂದು ಚೀಟಿ ಕೈಗಿಟ್ಟರು, ಮುಗಿಯಿತು. ನನಗೂ ಮೊದಲ ಸಲ ಆಗಿದ್ದು ಅಷ್ಟೇ. ಅದು ಅರ್ಧ ಪರೀಕ್ಷೆ. ಉಳಿದರ್ಧ ಆದ ಮೇಲೆ ನನ್ನ ಕಾಯಿಲೆಯ ಹೆಸರೇ ಬದಲಾಯಿತು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ವಯಸ್ಸು 38. ಎರಡನೇ ಬಾಣಂತನದ ನಂತರ ಬಲಗಿವಿ ಮಂದವಾಗುತ್ತಾ ಬಂತು, ಆಮೇಲೆ ಎಡಗಿವಿಯೂ ಸ್ವಲ್ಪ ಸ್ವಲ್ಪವಾಗಿ ಅದೇ ದಾರಿ ಹಿಡಿಯಿತು. ನೋವಿಲ್ಲ, ಸೋರುವುದಿಲ್ಲ. ಹಿಂದಿನ ಬೆಂಚಿನ ಹುಡುಗಿ ಉತ್ತರ ಹೇಳಿದರೆ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ನನ್ನ ತನಕ ಬರುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳು ‘ಅಮ್ಮಾ’ ಎಂದು ಎರಡು ಸಲ ಕರೆದು, ಮೂರನೇ ಸಲ ಹತ್ತಿರ ಬಂದು ಸೆರಗು ಹಿಡಿದು ಎಳೆಯುವುದು ರೂಢಿಯಾಗಿಬಿಟ್ಟಿತ್ತು.

ಆಗಲೇ ಪೇಟೆಯಲ್ಲಿ ಕಿವಿ ಮಷಿನ್ ಮಾರುವ ಅಂಗಡಿಯೊಂದರವರು ಉಚಿತ ತಪಾಸಣೆ ಇಟ್ಟಿದ್ದು. ರಸ್ತೆಗೆ ಬಾಗಿಲು ತೆರೆದ ಕೋಣೆ, ಹೊರಗೆ ಬಸ್ಸಿನ ಹಾರನ್. ಹೆಡ್‌ಫೋನ್ ಹಾಕಿ ಹತ್ತು ನಿಮಿಷದಲ್ಲಿ ಮುಗಿಸಿ, “ಎರಡೂ ಕಿವಿಯ ನರ ವೀಕ್ ಆಗಿದೆ ಮೇಡಂ, ಇದಕ್ಕೆ ಔಷಧಿ ಇಲ್ಲ, ಮಷಿನ್ ಒಂದೇ ದಾರಿ” ಅಂದರು. ಜೋಡಿ ಮಷಿನ್ನಿಗೆ ಲಕ್ಷ ದಾಟುವ ಬೆಲೆ, ಕಂತಿನಲ್ಲೂ ಕೊಡಬಹುದಂತೆ. ನಮ್ಮನೆಯವರು, “ಇರ್ಲಿ ಮಾರಾಯ್ತಿ, ಮೊದಲು ಶಿವಮೊಗ್ಗದಲ್ಲಿ ಕಿವಿ ಡಾಕ್ಟ್ರಿಗೆ ತೋರಿಸುವ, ಆಮೇಲೆ ನೋಡಿದ್ರಾಯ್ತು” ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಎಂದೆಂದಿಗೂ ಋಣಿ.

ಶಿವಮೊಗ್ಗದ ಡಾಕ್ಟರು ಕಿವಿ ನೋಡುವ ಮೊದಲು ಬಹಳ ಹೊತ್ತು ಪ್ರಶ್ನೆಗಳನ್ನೇ ಕೇಳಿದರು. ತಲೆ ಸುತ್ತುತ್ತಾ, ಕಿವಿಯೊಳಗೆ ಗುಂಯ್ ಅನ್ನುತ್ತಾ, ಬಸುರಿಯಾಗಿದ್ದಾಗ ಹೆಚ್ಚಾಯಿತಾ, ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೀಗಾಗಿತ್ತಾ. ನನ್ನ ದೊಡ್ಡಮ್ಮನಿಗೆ ನಲವತ್ತು ದಾಟುವಷ್ಟರಲ್ಲೇ ಕಿವಿ ಕೇಳುತ್ತಿರಲಿಲ್ಲ ಎಂದು ಹೇಳಿದೆ. ಆಮೇಲೆ, “ಬಸ್ಸಿನಲ್ಲಿ ಹೋಗುವಾಗ ಪಕ್ಕದವರ ಮಾತು ಹೇಗೆ ಕೇಳುತ್ತೆ ಅಮ್ಮ?” ಅಂದರು.

ಇದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ, ಹೇಳಿದರೆ ನಂಬುವ ಮಾತಲ್ಲ ಅನ್ನಿಸಿತ್ತು. ನಮ್ಮ ಶಾಲೆಯ ಒಂದು ಕೋಣೆಗೆ ಶೀಟಿನ ಮಾಡು. ಆಟಿ ತಿಂಗಳ ಮಳೆ ಹೊಯ್ಯತೊಡಗಿದರೆ ಪಕ್ಕದ ಟೀಚರು ಪಾಠ ನಿಲ್ಲಿಸಿ ಮಕ್ಕಳಿಗೆ ಚಿತ್ರ ಬರೆಯಲು ಹೇಳುತ್ತಾರೆ, ಏನೂ ಕೇಳುವುದಿಲ್ಲ ಎಂದು. ನನಗೆ ಆವಾಗಲೇ ಮಕ್ಕಳ ಮಾತು ಚೆನ್ನಾಗಿ ಕೇಳುತ್ತಿದ್ದುದು! ಬೇಸಿಗೆಯಲ್ಲಿ, ಒಂದು ಎಲೆ ಅಲ್ಲಾಡದ ಮಧ್ಯಾಹ್ನದಲ್ಲಿ ಕೇಳದ ಮಾತು ಮಳೆಯ ಅಬ್ಬರದಲ್ಲಿ ಕೇಳುತ್ತಿತ್ತು. ಬಸ್ಸಿನಲ್ಲೂ ಹಾಗೇ. ಡಾಕ್ಟರಿಗೆ ಇದರಲ್ಲಿ ಆಶ್ಚರ್ಯವೇ ಇರಲಿಲ್ಲ. ಗದ್ದಲ ಇದ್ದ ಕಡೆ ಎಲ್ಲರೂ ತಮಗೇ ಗೊತ್ತಿಲ್ಲದ ಹಾಗೆ ದನಿ ಎತ್ತರಿಸಿ ಮಾತಾಡುತ್ತಾರೆ. ಸರಿಯಿರುವ ಕಿವಿಗೆ ಗದ್ದಲವೂ ಅಷ್ಟೇ ಜೋರಾಗಿ ಬಡಿದು ಮಾತನ್ನು ಮುಚ್ಚಿಬಿಡುತ್ತದೆ. ಸದ್ದು ಒಳಗೆ ಹೋಗುವ ದಾರಿಯಲ್ಲೇ ತಡೆ ಇರುವವರಿಗೆ ಗದ್ದಲ ಅಲ್ಲೇ ತಗ್ಗಿ, ಎತ್ತರಿಸಿದ ಮಾತು ಮಾತ್ರ ಉಳಿದು ಕೇಳುತ್ತದೆ. ನರ ಸೋತವರಿಗೆ ಹೀಗಾಗುವುದಿಲ್ಲ, ಗದ್ದಲದಲ್ಲಿ ಅವರಿಗೆ ಇನ್ನೂ ಕಷ್ಟ. ಒಂದೇ ಪ್ರಶ್ನೆಯಲ್ಲಿ ಅವರಿಗೆ ಅರ್ಧ ಉತ್ತರ ಸಿಕ್ಕಿತ್ತು.

ಆಮೇಲೆ ದೀಪವಿರುವ ಸಣ್ಣ ಕೊಳವೆ ಇಟ್ಟು ಒಳಗೆ ನೋಡಿದರು, ಪರದೆಯ ಮೇಲೆ ನನಗೂ ತೋರಿಸಿದರು. ಸ್ವಲ್ಪ ಗುಗ್ಗೆ ಇತ್ತು, ತೆಗೆದರು. ಗುಗ್ಗೆ ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ಮುಂದಿನ ಎಲ್ಲ ಪರೀಕ್ಷೆಯೂ ದಾರಿ ತಪ್ಪುತ್ತದೆ, ಅದಕ್ಕೇ ಇದು ಮೊದಲು. ಮಳೆಗಾಲದಲ್ಲಿ ನಮ್ಮ ಕಡೆಯವರ ಕಿವಿಯಲ್ಲಿ ಬೂಷ್ಟು ಹಿಡಿಯುವುದು ಬಹಳವಂತೆ, ಎಣ್ಣೆ ಬಿಟ್ಟವರಲ್ಲಿ ಇನ್ನೂ ಹೆಚ್ಚು. ನನಗೆ ಅದಿರಲಿಲ್ಲ. ಕಿವಿಯ ತಮಟೆ ತೆಳ್ಳಗೆ ಮುತ್ತಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ತೂತಿಲ್ಲ, ನೀರಿಲ್ಲ. ಕಿವಿ ಕೇಳದವಳ ತಮಟೆ ಇಷ್ಟು ಚೆನ್ನಾಗಿದೆಯಲ್ಲ ಎಂದು ನನಗೆ ಗೊಂದಲವೇ ಆಯಿತು.

ನಂತರ ಟ್ಯೂನಿಂಗ್ ಫೋರ್ಕ್. ಸೆಕೆಂಡಿಗೆ 512 ಸಲ ಕಂಪಿಸುವ ಉಕ್ಕಿನ ಕವೆ, ವಿದ್ಯುತ್ತೂ ಬೇಡ, ಏನೂ ಬೇಡ. ಮೊಣಕೈಗೆ ತಟ್ಟಿ, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಆಮೇಲೆ ಕವೆಯ ತುದಿಯನ್ನು ಕಿವಿಯ ಮುಂದೆ ಹಿಡಿದು, “ಯಾವುದು ಜೋರು, ಹಿಂದಿನದಾ ಮುಂದಿನದಾ?” ಅಂದರು. ಆರೋಗ್ಯದ ಕಿವಿಗೆ ಮುಂದಿನದು ಜೋರು ಕೇಳಬೇಕು. ನನಗೆ ಎರಡೂ ಕಡೆ ಹಿಂದಿನದೇ ಜೋರು. ಇದಕ್ಕೆ ರಿನ್ನೆ ಪರೀಕ್ಷೆ ಎನ್ನುತ್ತಾರೆ, 1855ರಿಂದ ಬಳಕೆಯಲ್ಲಿದೆ. ಆಮೇಲೆ ಕವೆಯನ್ನು ಹಣೆಯ ನಡುವೆ ಇಟ್ಟರು, ಇದು ವೆಬರ್ ಪರೀಕ್ಷೆ. ಸದ್ದು ಬಲಕ್ಕೆ ಹೋಯಿತು. ನನ್ನ ಕೆಟ್ಟ ಕಿವಿ ಅದು! ಕೇಳದ ಕಿವಿಗೇ ಜೋರಾಗಿ ಕೇಳುವುದು ಹೇಗೆ ಎಂದು ಕೇಳಿದ್ದಕ್ಕೆ ಡಾಕ್ಟರು, “ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು ಬಾಯಿ ಮುಚ್ಚಿ ‘ಮ್‌’ ಅನ್ನಿ” ಅಂದರು. ಓದುತ್ತಿರುವವರೂ ಮಾಡಿ ನೋಡಬಹುದು. ದನಿ ಮುಚ್ಚಿದ ಕಡೆಗೇ ಹೋಗುತ್ತದೆ. ದಾರಿ ಮುಚ್ಚಿದ ಕಿವಿಗೆ ಹೊರಗಿನ ಸದ್ದು ಅಡ್ಡ ಬರುವುದಿಲ್ಲ, ಎಲುಬಿನ ಮೂಲಕ ಬಂದಿದ್ದು ಅಲ್ಲೇ ತುಂಬಿಕೊಳ್ಳುತ್ತದೆ.

ಅಲ್ಲಿಂದ ಕೇಳುವಿಕೆ ಅಳೆಯುವ ಆಡಿಯಾಲಜಿಸ್ಟ್ ಹತ್ತಿರ ಕಳಿಸಿದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹುಡುಗಿ. 1965ರಲ್ಲಿ ಶುರುವಾದ ಆ ಸಂಸ್ಥೆಯ ಹೆಸರು ನಾನು ಕೇಳಿದ್ದೆ, ಅಲ್ಲಿ ಕಲಿತವರು ಏನು ಮಾಡುತ್ತಾರೆಂದು ಗೊತ್ತಿರಲಿಲ್ಲ. ಅವರ ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ. ದಪ್ಪ ಬಾಗಿಲು, ತೂತು ತೂತಿನ ಗೋಡೆ, ನಡುವೆ ಗಾಜು. ಬಾಗಿಲು ಹಾಕಿದ ಕೂಡಲೇ ಫ್ಯಾನಿನ ಸದ್ದೂ ಸತ್ತಿತು. ಪೇಟೆಯ ಅಂಗಡಿಯಲ್ಲಿ ಹಾರನ್ ನಡುವೆ ಮಾಡಿದ್ದು ನೆನಪಾಗಿ ಬೇಸರವಾಯಿತು. ತೀರಾ ಮೆಲ್ಲನೆಯ ಸದ್ದನ್ನು ಅಳೆಯುವ ಕೆಲಸಕ್ಕೆ ಮೊದಲು ಬೇಕಾದದ್ದೇ ಮೌನ.

“ಎಷ್ಟೇ ಸಣ್ಣದಾಗಿ ಕೇಳಿದ್ರೂ ಬಟನ್ ಒತ್ತಿ ಮೇಡಂ. ಕೇಳಿತೋ ಇಲ್ವೋ ಅನ್ನೋ ಹಾಗಿದ್ರೂ ಒತ್ತಿ” ಅಂದರು. ಚೆನ್ನಾಗಿರುವ ಎಡಗಿವಿಯಿಂದ, 1000 ಹರ್ಟ್ಸ್‌ನಿಂದ, ಅಂದರೆ ಸೆಕೆಂಡಿಗೆ 1000 ಸಲ ಕಂಪಿಸುವ ಸ್ವರದಿಂದ ಶುರು. ಕೇಳಿದೆ ಎಂದು ಒತ್ತಿದರೆ ಹತ್ತು ಡೆಸಿಬಲ್ ಇಳಿಸುತ್ತಾರೆ, ಒತ್ತದಿದ್ದರೆ ಐದು ಏರಿಸುತ್ತಾರೆ. ಹೀಗೆ ಇಳಿಸಿ ಏರಿಸಿ, ಎಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುತ್ತೇವೋ ಅದೇ ನಮ್ಮ ಹೊಸ್ತಿಲು. 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದು ಸ್ವರಕ್ಕೂ ಇದೇ ಕ್ರಮ. ಸದ್ದು ಹೊಸ್ತಿಲಿನ ಹತ್ತಿರ ಬಂದಾಗ ಅದು ಹೊರಗಿಂದ ಬಂತೋ ನನ್ನ ತಲೆಯಲ್ಲೇ ಹುಟ್ಟಿತೋ ಗೊತ್ತಾಗುವುದಿಲ್ಲ. ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ನನ್ನ ಉಸಿರಿನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ತಾಳ ಹಾಕಿ ಊಹಿಸಿ ಒತ್ತುವ ಆಸೆಯಾಗುತ್ತದೆ, ಆದರೆ ಅವರು ಅಂತರ ಬದಲಾಯಿಸುತ್ತಲೇ ಇರುತ್ತಾರೆ. 1000ಕ್ಕೆ ಮತ್ತೊಮ್ಮೆ ವಾಪಸ್ ಬಂದು ಮೊದಲಿನದಕ್ಕೆ ತಾಳೆ ಆಗುತ್ತಾ ಎಂದು ನೋಡಿದರು.

ಹೆಡ್‌ಫೋನ್ ಭಾಗ ಮುಗಿದಾಗ ನಕ್ಷೆ ಪೇಟೆಯಲ್ಲಿ ಕೊಟ್ಟ ಚೀಟಿಯಂತೆಯೇ ಇತ್ತು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ. ಗೆರೆ ಕೆಳಗೆ ಹೋದಷ್ಟೂ ಕೇಳುವುದು ಕಡಿಮೆ. ಮೇಲಿನ ಸೊನ್ನೆ ಡೆಸಿಬಲ್ ಎಂದರೆ ಸದ್ದೇ ಇಲ್ಲ ಎಂದು ನಾನು ತಿಳಿದಿದ್ದೆ. ಆರೋಗ್ಯವಂತ ಯುವಕ ಯುವತಿಯರ ಕಿವಿಗೆ ಸರಾಸರಿ ಎಲ್ಲಿಂದ ಕೇಳಲು ಶುರುವಾಗುತ್ತದೋ ಅದನ್ನೇ ಸೊನ್ನೆ ಎಂದು ಇಟ್ಟುಕೊಂಡಿದ್ದಾರೆ. ಅಲ್ಲಿಂದ ಪ್ರತಿ ಹತ್ತು ಡೆಸಿಬಲ್‌ಗೆ ಸದ್ದಿನ ಶಕ್ತಿ ಹತ್ತು ಪಟ್ಟು. ನನ್ನ ಬಲಗಿವಿಯ ಸರಾಸರಿ 52, ಎಡಗಿವಿಯದು 38.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ನರ ಸೋತವಳೇ.

ಅವರು ಹೆಡ್‌ಫೋನ್ ತೆಗೆದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ತುಂಡನ್ನು ಬಲಗಿವಿಯ ಹಿಂದೆ ಎಲುಬಿನ ಮೇಲೆ ಕೂರಿಸಿದರು. ತಲೆಯ ಮೇಲಿಂದ ಬರುವ ಪಟ್ಟಿ ಅದನ್ನು ಬಿಗಿಯಾಗಿ ಒತ್ತಿ ಹಿಡಿದಿತ್ತು, ಸ್ವಲ್ಪ ನೋಯುತ್ತಿತ್ತು. ಅದೇ ಸ್ವರಗಳು ಮತ್ತೆ ಶುರುವಾದವು. ಕುಂಯ್ ಎಂದು ಅಷ್ಟು ಸ್ಪಷ್ಟವಾಗಿ, ಅಷ್ಟು ಸಣ್ಣ ಎಳೆಯಾಗಿ ನನ್ನ ಬಲಗಿವಿಯಲ್ಲಿ ಏನಾದರೂ ಕೇಳಿ ವರ್ಷಗಳಾಗಿದ್ದವು. ಒತ್ತುತ್ತಾ ಹೋದೆ, ಅವರು ಇಳಿಸುತ್ತಾ ಹೋದರು. 20, 15, 10. ಗಾಜಿನ ಆಚೆ ಆ ಹುಡುಗಿಯ ಮುಖ ನೋಡುತ್ತಿದ್ದೆ. ಕಣ್ಣು ತುಂಬಿ ಬಂತು.

ಹೆಡ್‌ಫೋನಿನಿಂದ ಗಾಳಿಯ ದಾರಿಯಲ್ಲಿ ಬರುವ ಸದ್ದು ಕಿವಿಯ ಕಾಲುವೆ, ತಮಟೆ, ಅದರ ಹಿಂದಿನ ಮೂರು ಪುಟ್ಟ ಮೂಳೆಗಳನ್ನು ದಾಟಿ ಒಳಗಿವಿಗೆ ಸೇರಬೇಕು. ಎಲುಬಿಗೆ ಕೊಟ್ಟ ಕಂಪನ ಅವನ್ನೆಲ್ಲ ಬಿಟ್ಟು ನೇರವಾಗಿ ಒಳಗಿವಿಯನ್ನು ತಟ್ಟುತ್ತದೆ. ನಕ್ಷೆಯಲ್ಲಿ ಈ ಎರಡರ ಗೆರೆಯೂ ಒಟ್ಟಿಗೇ ಕೆಳಗಿಳಿದಿದ್ದರೆ ಒಳಗಿವಿ ಅಥವಾ ನರದ ತೊಂದರೆ. ಎಲುಬಿನ ಗೆರೆ ಮೇಲೇ ಉಳಿದು ಗಾಳಿಯ ಗೆರೆ ಮಾತ್ರ ಕುಸಿದಿದ್ದರೆ ದಾರಿಯ ತೊಂದರೆ. ನನ್ನದು ಎರಡನೆಯದು. ನನ್ನ ನರ ಚೆನ್ನಾಗಿತ್ತು. ಔಷಧಿ ಇಲ್ಲ, ಇನ್ನು ಹೀಗೇ ಎಂದು ಪೇಟೆಯಲ್ಲಿ ಹೇಳಿಸಿಕೊಂಡು ಬಂದು ರಾತ್ರಿಯಿಡೀ ನಿದ್ದೆಗೆಟ್ಟಿದ್ದೆನಲ್ಲ, ಅದಕ್ಕೆ ಬೇಕಾಗಿದ್ದ ಉತ್ತರ ಆ ಒಂದು ಸಣ್ಣ ತುಂಡಿನಲ್ಲಿತ್ತು.

ಇದರ ನಡುವೆ ಎಡಗಿವಿಗೆ ಶ್‌ಶ್ ಎನ್ನುವ ಸದ್ದು ಹಾಕಿದರು, ಮಳೆ ಸುರಿದ ಹಾಗೆ. ತಲೆಬುರುಡೆ ಒಂದೇ ಆದ್ದರಿಂದ ಬಲಕ್ಕೆ ಇಟ್ಟ ಕಂಪನ ಎಡಗಿವಿಗೂ ತಲುಪಿಬಿಡುತ್ತದೆ. ಎಡಗಿವಿ ಕೇಳಿ ಉತ್ತರ ಕೊಡದಂತೆ ಅದನ್ನು ಈ ಸದ್ದಿನಿಂದ ಮುಚ್ಚಿಡುತ್ತಾರೆ, ಮಾಸ್ಕಿಂಗ್ ಎನ್ನುತ್ತಾರೆ. ಎಲುಬಿನ ಗೆರೆಯಲ್ಲೂ 2000 ಹರ್ಟ್ಸ್ ಹತ್ತಿರ ಒಂದು ಸಣ್ಣ ತಗ್ಗು ಇತ್ತು. ಅದನ್ನು ನೋಡಿ ಹುಡುಗಿ ಏನೋ ಬರೆದುಕೊಂಡರು. ಅದರ ಮಹತ್ವ ನನಗೆ ಆಮೇಲೆ ತಿಳಿಯಿತು.

ಆಡಿಯಾಲಜಿಸ್ಟ್ ನಮ್ಮನೆಯವರನ್ನೂ ಬಿಡಲಿಲ್ಲ. “ಸರ್, ನೀವು ತೋಟದಲ್ಲಿ ಕಳೆ ಕೊಚ್ಚೋ ಮಷಿನ್ ಹಿಡೀತೀರಾ?” ಹೌದು ಎಂದಾಗ ಬೇರೊಂದು ನಕ್ಷೆ ತೋರಿಸಿದರು. ಎಲ್ಲ ಕಡೆ ಸರಿಯಿರುವ ಗೆರೆ 4000 ಹರ್ಟ್ಸ್ ಹತ್ತಿರ ಮಾತ್ರ ಗುಂಡಿಗೆ ಬಿದ್ದಂತೆ ಕುಸಿದು ಮತ್ತೆ ಮೇಲೇರುತ್ತದೆ. ಯಂತ್ರದ ಸದ್ದು ತಿಂದ ಕಿವಿಯ ಗುರುತು ಅದು. ಅದು ನಿಜವಾಗಿಯೂ ವಾಪಸ್ ಬಾರದ ನಷ್ಟ. ಅಡಿಕೆ ಸುಲಿಯುವ ಯಂತ್ರ, ಮರ ಕೊಯ್ಯುವ ಗರಗಸ, ಔಷಧಿ ಹೊಡೆಯುವ ಎಂಜಿನ್, ನಮ್ಮ ಕಡೆ ಇವುಗಳ ಪಕ್ಕ ಬರಿಗಿವಿಯಲ್ಲಿ ನಿಲ್ಲದ ಗಂಡಸು ಯಾರಿದ್ದಾರೆ? ಅವತ್ತು ಊರಿಗೆ ಮರಳುವಾಗಲೇ ಕಿವಿಗೆ ಮುಚ್ಚುವ ಮಫ್ ಕೊಂಡುಕೊಂಡರು.

ಮುಂದಿನದು ಮಾತಿನ ಪರೀಕ್ಷೆ. ಎರಡಕ್ಷರದ ಕನ್ನಡ ಪದಗಳನ್ನು ಹೇಳುತ್ತಾರೆ, ಕೇಳಿದ್ದನ್ನು ನಾವು ತಿರುಗಿ ಹೇಳಬೇಕು. ಸ್ವರ ಕೇಳುವುದು ಬೇರೆ, ಮಾತು ತಿಳಿಯುವುದು ಬೇರೆ. ಒಳಗಿವಿ ಕೆಟ್ಟವರಿಗೆ ದನಿ ಎಷ್ಟೇ ಎತ್ತರಿಸಿದರೂ ‘ಹಲ್ಲು’ ‘ಕಲ್ಲು’ ಆಗಬಹುದು. ದನಿ ಸಾಕಷ್ಟು ಏರಿಸಿದ ಮೇಲೆ ನಾನು ಒಂದೂ ತಪ್ಪಲಿಲ್ಲ. ಮಷಿನ್ ಹಾಕಿದರೂ ನಿಮಗೆ ಬಹಳ ಚೆನ್ನಾಗಿ ಒಗ್ಗುತ್ತದೆ ಎಂದು ಹುಡುಗಿ ಆವಾಗಲೇ ಹೇಳಿದ್ದು.

ಆಮೇಲೆ ತಮಟೆಯ ಅಲ್ಲಾಟ ನೋಡುವ ಟಿಂಪನೋಮೆಟ್ರಿ. ಅದರಲ್ಲಿ ನಾವು ಮಾಡುವುದು ಏನೂ ಇಲ್ಲ, ಮಾತಾಡದೆ ಉಗುಳು ನುಂಗದೆ ಕೂರಬೇಕು. ರಬ್ಬರಿನ ತುದಿಯಿಂದ ಕಿವಿಯನ್ನು ಗಾಳಿ ಹೋಗದಂತೆ ಮುಚ್ಚಿ, ಒಳಗಿನ ಒತ್ತಡವನ್ನು ಏರಿಸಿ ಇಳಿಸುತ್ತಾರೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವ ಹೊತ್ತಿಗೆ ಕಿವಿ ಕಟ್ಟಿ ಬಿಡುತ್ತದಲ್ಲ, ಅದೇ ಅನುಭವ, ಕೆಲವೇ ಸೆಕೆಂಡು. ತಮಟೆ ಎಷ್ಟು ಸಡಿಲವಾಗಿ ಅಲ್ಲಾಡುತ್ತದೆ ಎಂಬುದು ಗುಡ್ಡದ ಆಕಾರದ ನಕ್ಷೆಯಾಗಿ ಬರುತ್ತದೆ. ತಮಟೆಯ ಹಿಂದೆ ನೀರು ನಿಂತಿದ್ದರೆ ಗುಡ್ಡವೇ ಇಲ್ಲದೆ ಚಪ್ಪಟೆ. ಶೀತವಾಗಿ ಮೂಗಿನ ಹಿಂದಿನ ಕೊಳವೆ ಕಟ್ಟಿದ್ದರೆ ಗುಡ್ಡ ಒಂದು ಪಕ್ಕಕ್ಕೆ ಸರಿದಿರುತ್ತದೆ. ನನ್ನದು ಸರಿಯಾದ ಜಾಗದಲ್ಲೇ ಇತ್ತು, ಆದರೆ ಗಿಡ್ಡ. ಯಾವುದೋ ಬಿಗಿದುಕೊಂಡಿದೆ ಎಂಬ ಸೂಚನೆ. ಅದೇ ತುದಿಯಿಂದ ಆಮೇಲೆ ಜೋರಾದ ಸದ್ದುಗಳನ್ನು ಕೊಟ್ಟರು. ಜೋರು ಸದ್ದಿಗೆ ನಡುಗಿವಿಯ ಒಂದು ಸ್ನಾಯು ಬಿಗಿಯಬೇಕು, ಇಡೀ ಮೈಯಲ್ಲಿ ಅದಕ್ಕಿಂತ ಚಿಕ್ಕ ಸ್ನಾಯು ಇಲ್ಲ. ಅದು ಎಳೆಯುವುದು ಸ್ಟೇಪಿಸ್ ಎಂಬ ಮೂಳೆಯನ್ನು. ಅದೂ ಅಷ್ಟೇ, ಮೈಯಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್. ನನ್ನ ಎರಡೂ ಕಿವಿಯಲ್ಲಿ ಆ ಬಿಗಿತ ದಾಖಲಾಗಲೇ ಇಲ್ಲ.

ಹೊರಗೆ ಕಾಯುವಾಗ ಹೊಸನಗರ ಕಡೆಯ ಒಂದು ಕುಟುಂಬ ಇತ್ತು, ಮಡಿಲಲ್ಲಿ ಎಳೆಗೂಸು. ಹುಟ್ಟಿದಾಗ ಕಾಮಾಲೆ ಜೋರಾಗಿ ರಕ್ತ ಬದಲಾಯಿಸಬೇಕಾಯಿತಂತೆ. ಅಜ್ಜಿ ದನಿ ಎತ್ತಿ ಮಾತಾಡುವವರಾದ್ದರಿಂದ ನನಗೆ ಎಲ್ಲವೂ ಕೇಳಿತು. ಮಗುವಿಗೆ ಮೊದಲು ಓಎಇ ಎಂಬ ಪರೀಕ್ಷೆ ಮಾಡಿದ್ದರು. ಆರೋಗ್ಯವಾದ ಒಳಗಿವಿ ಸದ್ದು ಕೇಳುವುದಷ್ಟೇ ಅಲ್ಲ, ತೀರಾ ಸಣ್ಣದಾಗಿ ತಾನೇ ಸದ್ದನ್ನು ಹೊರಗೆ ಕಳಿಸುತ್ತದೆ. ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಇದನ್ನು 1978ರಲ್ಲಿ ತೋರಿಸಿಕೊಟ್ಟಾಗ ನಂಬುವವರು ಕಡಿಮೆ ಇದ್ದರಂತೆ. ಆ ಸದ್ದನ್ನು ಹಿಡಿಯುವುದೇ ಓಎಇ. ಮಗುವಿನದು ಸರಿಯಾಗಿ ಬರದೆ ಈಗ ಬೆರಾ ಎಂಬ ಇನ್ನೊಂದು ಪರೀಕ್ಷೆ ಮಾಡಲು ಕರೆದಿದ್ದರು. ಮಗು ನಿದ್ದೆ ಮಾಡಲೇಬೇಕು. ತಾಯಿ ಹಾಲು ಕುಡಿಸಿ ತಟ್ಟುತ್ತಿದ್ದಳು. ಮಲಗಿದ ಮೇಲೆ ಹಣೆಗೆ, ಕಿವಿಯ ಹಿಂದೆ ಅಂಟುವ ತಂತಿಗಳನ್ನು ಹಚ್ಚಿ, ಕಿವಿಗೆ ಟಕ್ ಟಕ್ ಎಂದು ಸಾವಿರಾರು ಸದ್ದು ಕೊಡುತ್ತಾರೆ. ಸದ್ದು ಬಂದ 10 ಮಿಲಿಸೆಕೆಂಡಿನೊಳಗೆ ನರದಿಂದ ಮೆದುಳಿನ ಬುಡದ ತನಕ ವಿದ್ಯುತ್ತಿನ ಸಣ್ಣ ಅಲೆಗಳು ಏಳುತ್ತವೆ. ಬಟನ್ ಒತ್ತಲಾರದ, ಕೇಳಿತು ಎನ್ನಲಾರದ ಕೂಸಿನ ಉತ್ತರ ಅದು. ಐದನೇ ಅಲೆ ಎಷ್ಟು ಸಣ್ಣ ಸದ್ದಿನ ತನಕ ಕಾಣುತ್ತದೆ ಎಂದು ನೋಡುತ್ತಾರೆ. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಅಜ್ಜಿ ಹೊರಗೆ ಬಂದು, “ಕೇಳ್ತದಂತೆ ಕಣ್ರೀ, ಕೂಸಿಗೆ ಕೇಳ್ತದಂತೆ” ಎಂದು ನನ್ನ ಕೈ ಹಿಡಿದುಕೊಂಡರು. ಹುಟ್ಟಿದ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ತೊಂದರೆ ಇದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರು ಎನ್ನುವುದು ಆಡಿಯಾಲಜಿಸ್ಟರ ಲೆಕ್ಕ. ಮಾತು ಕಲಿಯುವ ವಯಸ್ಸು ಕಾಯುವುದಿಲ್ಲ. ಅಂಗನವಾಡಿ ಮಕ್ಕಳನ್ನು ದಿನವೂ ನೋಡುವ ನನಗೆ ಇದು ಎಲ್ಲಕ್ಕಿಂತ ದೊಡ್ಡ ವಿಷಯ ಅನ್ನಿಸಿತು.

ನನಗೂ ಓಎಇ ಮಾಡಿದರು, ಬರಲಿಲ್ಲ. ಗಾಬರಿಯಾದೆ. ಒಳಗಿವಿ ಸದ್ದು ಕಳಿಸಿದರೂ ಹೊರಗೆ ಬರುವ ದಾರಿಯೇ ಕಟ್ಟಿದೆಯಲ್ಲ ಎಂದು ಹುಡುಗಿ ಸಮಾಧಾನ ಹೇಳಿದರು. ಬೆರಾ ನನಗೆ ಬೇಕಾಗಲಿಲ್ಲ.

ಎಲ್ಲ ಕಾಗದ ಹಿಡಿದು ಡಾಕ್ಟರ ಮುಂದೆ ಕೂತೆವು. ಅವರು ಒಂದೊಂದನ್ನೇ ಜೋಡಿಸಿದರು. ತಮಟೆ ಸರಿ, ಎಲುಬಿನ ಗೆರೆ ಸರಿ, 2000ದಲ್ಲಿ ತಗ್ಗು, ಗಿಡ್ಡ ಗುಡ್ಡ, ಸ್ಟೇಪಿಸ್ ಸ್ನಾಯುವಿನ ಬಿಗಿತ ಇಲ್ಲ, ದೊಡ್ಡಮ್ಮನಿಗೂ ಹೀಗೇ, ಬಸುರಿ ಬಾಣಂತನದಲ್ಲಿ ಹೆಚ್ಚಾಗಿದೆ. ಓಟೋಸ್ಕ್ಲೆರೋಸಿಸ್ ಅಂದರು. ಸ್ಟೇಪಿಸ್ ಮೂಳೆಯ ಬುಡದಲ್ಲಿ ಹೊಸ ಎಲುಬು ಬೆಳೆದು ಅದು ಅಲ್ಲಾಡದ ಹಾಗೆ ಹಿಡಿದುಕೊಂಡಿದೆ. ಇದಕ್ಕೆ ಎರಡು ದಾರಿ. ಮಷಿನ್ ಹಾಕಿಕೊಂಡು ಇರಬಹುದು. ಇಲ್ಲವಾದರೆ ಆ ಮೂಳೆಯ ಬುಡದಲ್ಲಿ ಸಣ್ಣ ರಂಧ್ರ ಮಾಡಿ, ಅದರ ಕೆಲಸ ಮಾಡುವ ಪುಟ್ಟ ಪಿಸ್ಟನ್ ಕೂರಿಸುವ ಆಪರೇಷನ್. ಹೆಚ್ಚಿನವರಿಗೆ ಅದು ಚೆನ್ನಾಗಿಯೇ ಆಗುತ್ತದೆ, ಆದರೆ ನೂರರಲ್ಲಿ ಒಬ್ಬರಿಗೆ ಆಸುಪಾಸು ಆ ಕಿವಿಯ ಕೇಳುವಿಕೆ ಪೂರ್ತಿ ಹೋಗುವ ಅಪಾಯವೂ ಇದೆ. ಅದನ್ನು ಅವರು ಮುಚ್ಚಿಡದೆ ಹೇಳಿದ್ದು ನನಗೆ ಧೈರ್ಯ ಕೊಟ್ಟಿತು. ಮಾಡುವುದಾದರೆ ಮೊದಲು ಕೆಟ್ಟ ಕಿವಿಗೆ, ಒಂದೇ ಕಿವಿಗೆ. ವಾರ್ಷಿಕ ಪರೀಕ್ಷೆ ಮುಗಿದು ರಜೆ ಸಿಕ್ಕ ಮೇಲೆ ಬಲಗಿವಿಗೆ ಮಾಡಿಸುವುದೆಂದು ತೀರ್ಮಾನಿಸಿದ್ದೇವೆ. ಅಲ್ಲಿಯ ತನಕ ಎಡಗಿವಿಗೆ ಒಂದು ಸಾಧಾರಣ ಬೆಲೆಯ ಮಷಿನ್.

ಕಿವಿ ಪರೀಕ್ಷೆಗೆ ಹೋಗುವವರಿಗೆ ಎರಡು ಮಾತು. ಹಿಂದಿನ ದಿನ ಜಾತ್ರೆಯ ಮೈಕು, ಗರಗಸ, ಯಂತ್ರದ ಹತ್ತಿರ ಹೋಗಬೇಡಿ, ಜೋರು ಸದ್ದು ಕೇಳಿ ದಣಿದ ಕಿವಿ ತಪ್ಪು ಲೆಕ್ಕ ಕೊಡುತ್ತದೆ. ನೆಗಡಿ ಇದ್ದರೆ ಮೊದಲೇ ಹೇಳಿ. ನಕ್ಷೆಯ ಪ್ರತಿಯನ್ನು ಕೇಳಿ ಇಸಿದುಕೊಳ್ಳಿ, ಮುಂದೆ ಹೋಲಿಸಲು ಅದೇ ಬೇಕು.

ಇದು ಮನೆತನದಲ್ಲಿ ಬರುವ ಕಾಯಿಲೆ ಎಂದು ತಿಳಿದ ಸಂಜೆಯೇ ಸಾಗರದಲ್ಲಿರುವ ತಂಗಿಗೆ ಫೋನ್ ಮಾಡಿದೆ. ಅವಳು ಈಚೆಗೆ ಟಿವಿ ಸದ್ದು ಹೆಚ್ಚಿಡುತ್ತಾಳೆಂದು ಬಾವ ಹೇಳಿದ್ದರು. “ಅಕ್ಕಾ, ನಂಗೆ ಎಂತದೂ ಆಗಿಲ್ಲ, ಮಿಕ್ಸಿ ಹಾಕಿರುವಾಗ ಕೂಡ ಇವರ ಮಾತು ಚೆನ್ನಾಗಿ ಕೇಳ್ತದೆ” ಅಂದಳು. ಮುಂದಿನ ಸೋಮವಾರ ಅವಳನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.